ಹುಟ್ಟಿದ್ದು ಒಂದೂರು, ಆಡುವುದು ಇನ್ನೊಂದೂರು

ನವೆಂಬರ್ 18ರ ಮಂಗಳವಾರ ರಾತ್ರಿ ವಿಶಾಖಪಟ್ಟಣದ ನಮ್ಮ ಮನೆಯಲ್ಲಿ ಊಟ ತಡವಾಯಿತು. ಢಾಕಾದಲ್ಲಿ ಭಾರತ–ಬಾಂಗ್ಲಾದೇಶ ಫುಟ್‌ಬಾಲ್ ಪಂದ್ಯ. ಎಎಫ್‌ಸಿ ಏಷ್ಯನ್ ಕಪ್ ಅರ್ಹತಾ ಸುತ್ತಿನದು. ಹನ್ನೊಂದನೇ ನಿಮಿಷಕ್ಕೇ ಶೇಖ್ ಮೊರ್ಸಲಿನ್ ಗೋಲು ಹೊಡೆದ. ಉಳಿದ ಎಂಬತ್ತು ಚಿಲ್ಲರೆ ನಿಮಿಷ ನಮ್ಮವರು ಚೆಂಡನ್ನು ಆ ಕಡೆಗೂ ಈ ಕಡೆಗೂ ತಳ್ಳಿದರೇ ಹೊರತು ಸಮ ಮಾಡಲಾಗಲಿಲ್ಲ. 1–0. ಪಕ್ಕದಲ್ಲಿ ಕೂತಿದ್ದ ಹದಿಮೂರರ ಮಗ ಕೇಳಿದ: 'ಅಪ್ಪಾ, ಇದನ್ನ ಗೆದ್ದಿದ್ರೂ ನಾವು ಮುಂದಕ್ಕೆ ಹೋಗ್ತಿರಲಿಲ್ಲ ಅಲ್ವಾ?'

'ಇಲ್ಲ ಕಣೋ. ಹೋದ ತಿಂಗಳೇ ಮುಗೀತಲ್ಲ.'

'ಮತ್ತೆ ಯಾಕೆ ನೋಡ್ತಿದ್ದೀವಿ?'

ಅಡುಗೆಮನೆಯಿಂದ ಅವನ ಅಮ್ಮ ನಕ್ಕಿದ್ದು ಕೇಳಿಸಿತು. ಈ ಪ್ರಶ್ನೆಯನ್ನು ಅವಳು ನನಗೆ ಹದಿನೈದು ವರ್ಷದಿಂದ ಕೇಳುತ್ತಾ ಬಂದಿದ್ದಾಳೆ.

ನಾನು ಶೀತಲೀಕರಣದ ಎಂಜಿನಿಯರ್. ಭದ್ರಾವತಿಯವನು. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಓದು ಮುಗಿಸಿ ಕೆಲವು ವರ್ಷ ಬೆಂಗಳೂರು, 2016ರಿಂದ ವಿಜಯವಾಡ, 2021ರಿಂದ ವಿಶಾಖಪಟ್ಟಣ. ಅಲ್ಲಿ ಗುಂಟೂರು ಕಡೆಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳು, ಇಲ್ಲಿ ರಫ್ತಾಗುವ ಸಿಗಡಿ. ತಣ್ಣಗಿಡುವುದೇ ನನ್ನ ಕಸುಬು. ಫುಟ್‌ಬಾಲ್ ವಿಚಾರದಲ್ಲಿ ಮಾತ್ರ ನಾನು ತಣ್ಣಗಿರಲಾರೆ, ಓದುಗರು ಕ್ಷಮಿಸಬೇಕು.

2026ರ ಜೂನ್‌ನಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ವಿಶ್ವಕಪ್. ಆಗ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ಅರ್ಜೆಂಟೀನಾ, ಬ್ರೆಜಿಲ್ ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಆದರೆ ಅಲ್ಲಿಗೆ ಹೋಗುವ ದಾರಿ, ಅಂದರೆ ಎರಡೂವರೆ ವರ್ಷ ನಡೆಯುವ ಈ ಅರ್ಹತಾ ಪಂದ್ಯಗಳನ್ನು ನೋಡುವವರು ಬೆರಳೆಣಿಕೆ. ಈ ಅಕ್ಟೋಬರ್ 9ರ ಸಂಜೆ ವಿಶಾಖಪಟ್ಟಣದ ಅರ್ಧ ಊರು ಮಧುರವಾಡದ ಕಡೆ ಹೊರಟಿತ್ತು. ಅಲ್ಲಿನ ಕ್ರೀಡಾಂಗಣದಲ್ಲಿ ಮಹಿಳೆಯರ ಕ್ರಿಕೆಟ್ ವಿಶ್ವಕಪ್‌ನ ಭಾರತ–ದಕ್ಷಿಣ ಆಫ್ರಿಕಾ ಪಂದ್ಯ. ಅದೇ ಹೊತ್ತಿಗೆ ಸಿಂಗಪುರದಲ್ಲಿ ಭಾರತ ಹತ್ತೇ ಮಂದಿಯಲ್ಲಿ ಆಡಿ, ಕೊನೇ ಗಳಿಗೆಯಲ್ಲಿ ರಹೀಮ್ ಅಲಿ ಹೊಡೆದ ಗೋಲಿನಿಂದ 1–1 ಮಾಡಿಕೊಂಡಿತು. ಕಂಪನಿಯ ಗೇಟಿನ ಬಳಿ ಫೋನ್ ಹಿಡಿದು ನಾನೊಬ್ಬನೇ ಕೂಗಿದೆ. ಕಾವಲುಗಾರ ಬಂದು, 'ಏಮೈಂದಿ ಸಾರ್, ರಿಚಾ ಘೋಷ್ ಔಟಾ?' ಎಂದ.

ಕ್ರಿಕೆಟ್ ಮೇಲೆ ನನಗೆ ಸಿಟ್ಟಿಲ್ಲ. ಆ ಹೆಣ್ಣುಮಕ್ಕಳು ಮುಂದಿನ ತಿಂಗಳು ಕಪ್ಪನ್ನೇ ಗೆದ್ದರು. ನನ್ನ ತಕರಾರು ಬೇರೆ.

ಮೊದಲು ಆದದ್ದೇನು ಎಂದು ಹೇಳಿಬಿಡುತ್ತೇನೆ, ಏಕೆಂದರೆ ಪತ್ರಿಕೆಗಳ ಕ್ರೀಡಾಪುಟದಲ್ಲೂ ಇದು ಮೂಲೆಗೆ ಸೇರಿತ್ತು. 2026ರ ವಿಶ್ವಕಪ್‌ಗೆ 48 ತಂಡಗಳು. ಏಷ್ಯಾದ ಪಾಲು ನಾಲ್ಕೂವರೆಯಿಂದ ಎಂಟೂವರೆಗೆ ಏರಿತು. 2026ಕ್ಕಾದರೂ ನಮಗೊಂದು ಬಾಗಿಲು ತೆರೆದೀತು ಎಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ಎರಡನೇ ಸುತ್ತಿನಲ್ಲಿ ಭಾರತದ ಜೊತೆ ಕತಾರ್, ಕುವೈತ್, ಅಫ್ಗಾನಿಸ್ತಾನ. ಮೊದಲ ಇಬ್ಬರಿಗೆ ಮೂರನೇ ಸುತ್ತು. 2023ರ ನವೆಂಬರ್ 16ರಂದು ಕುವೈತ್‌ಗೇ ಹೋಗಿ ಮನ್ವೀರ್ ಸಿಂಗ್ ಗೋಲಿನಿಂದ 1–0 ಗೆದ್ದೆವು. ಆಮೇಲೆ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು 1–2 ಸೋಲು. ಅದು ಸುನಿಲ್ ಚೆಟ್ರಿಯ 150ನೇ ಅಂತರರಾಷ್ಟ್ರೀಯ ಪಂದ್ಯ. ಕೋಲ್ಕತ್ತದಲ್ಲಿ ಅವರ ವಿದಾಯದ ದಿನ ಕುವೈತ್ ಜೊತೆ 0–0. ಕೊನೆಗೆ 2024ರ ಜೂನ್ 11ರಂದು ದೋಹಾ. ಛಾಂಗ್ಟೆ ಗೋಲಿನಿಂದ 73ನೇ ನಿಮಿಷದವರೆಗೂ ನಾವು ಮುಂದಿದ್ದೆವು. ಆಗ ಗೆರೆ ದಾಟಿದ ಚೆಂಡನ್ನು ಕತಾರಿನವರು ಒಳಗೆಳೆದು ಗೋಲು ಮಾಡಿದರು, ರೆಫರಿ ಒಪ್ಪಿಬಿಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. 1–2. ಆ ರಾತ್ರಿ ನಾನು ಎಷ್ಟು ಬೈದೆನೆಂದರೆ ಮಗ ಎದ್ದು ಕೂತಿದ್ದ. ಆದರೆ ಸಮಾಧಾನವಾದ ಮೇಲೆ ನೋಡಿದರೆ, ನಮ್ಮನ್ನು ಮುಳುಗಿಸಿದ್ದು ದೋಹಾದ ರೆಫರಿಗಿಂತ ಹೆಚ್ಚಾಗಿ ಗುವಾಹಟಿ. ಗೆಲ್ಲಬೇಕಾದ ಪಂದ್ಯವನ್ನು ಮನೆಯಲ್ಲೇ ಸೋತಿದ್ದೆವು.

ವಿಶ್ವಕಪ್ ಹೋಯಿತು. ಮೂರನೇ ಸ್ಥಾನದವರಿಗೆ 2027ರ ಏಷ್ಯನ್ ಕಪ್‌ಗಾಗಿ ಇನ್ನೊಂದು ಅವಕಾಶವಿತ್ತು: ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ರ್‍ಯಾಂಕಿಂಗ್‌ನಲ್ಲಿ ಮೂವರೂ ನಮಗಿಂತ ಕೆಳಗಿದ್ದವರು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0–0, ಹಾಂಗ್‌ಕಾಂಗ್‌ನಲ್ಲಿ ಹೆಚ್ಚುವರಿ ಸಮಯದ ಪೆನಾಲ್ಟಿಗೆ ಸೋಲು. ಕೋಚ್ ಬದಲಾದರು. ಖಾಲಿದ್ ಜಮೀಲ್ ಬಂದ ಮೇಲೆ ಸ್ವಲ್ಪ ಉಸಿರಾಡಿತು, ಅಷ್ಟೆ. ಅಕ್ಟೋಬರ್ 14ರಂದು ಗೋವಾದ ಫತೋರ್ಡಾದಲ್ಲಿ ಸಿಂಗಪುರದ ಎದುರು 1–2. ಆಟ ಮುಗಿಯಿತು. ಅದರ ಹಿಂದಿನ ದಿನವಷ್ಟೇ ಆಫ್ರಿಕಾದ ಕೇಪ್ ವರ್ಡೆ ವಿಶ್ವಕಪ್‌ಗೆ ಅರ್ಹತೆ ಪಡೆದಿತ್ತು. ಆ ದೇಶದ ಜನಸಂಖ್ಯೆ ಐದು ಲಕ್ಷದ ಆಸುಪಾಸು. ನಾನಿರುವ ಈ ಒಂದು ಊರಿನ ಮೂರನೇ ಒಂದು ಪಾಲೂ ಇಲ್ಲ.

2023ರ ಜುಲೈನಲ್ಲಿ ನೂರರೊಳಗಿದ್ದ ನಮ್ಮ ರ್‍ಯಾಂಕ್ ಢಾಕಾದ ಸೋಲಿನ ಮರುದಿನ 142.

ಈಗ ನನ್ನ ಮೊದಲ ತಕರಾರು. 2015ರಲ್ಲಿ ನಾನು ಬೆಂಗಳೂರಿನಲ್ಲಿದ್ದಾಗ ಕಂಠೀರವ ಕ್ರೀಡಾಂಗಣದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳು ಮೂರು ನಡೆದವು. ಒಮಾನ್ ಎದುರು ಜೂನ್ 11ರಂದು. ನಾವು ಸಾಲಿನಲ್ಲಿ ನಿಂತು ಒಳಗೆ ಹೋಗಿ ಸೀಟು ಹುಡುಕುವಷ್ಟರಲ್ಲಿ ಒಮಾನ್ ಗೋಲು ಹೊಡೆದಾಗಿತ್ತು, ಮೊದಲ ನಿಮಿಷದಲ್ಲೇ. ಚೆಟ್ರಿ ಸಮ ಮಾಡಿದಾಗ ಪಕ್ಕದಲ್ಲಿದ್ದ ಗೌತಮಪುರದ ಹಿರಿಯರೊಬ್ಬರು ನನ್ನ ಹೆಗಲು ಹಿಡಿದು ಅಲುಗಾಡಿಸಿದ್ದು ಇನ್ನೂ ನೆನಪಿದೆ. ಆ ಪಂದ್ಯ ಸೋತೆವು, ಸೆಪ್ಟೆಂಬರ್‌ನಲ್ಲಿ ಇರಾನ್ ಎದುರು 0–3 ಸೋತೆವು, ನವೆಂಬರ್‌ನಲ್ಲಿ ಗುವಾಮ್ ಎದುರು 1–0 ಗೆದ್ದೆವು. 2017ರಲ್ಲಿ ಅದೇ ಮೈದಾನದಲ್ಲಿ ಕಿರ್ಗಿಸ್ತಾನವನ್ನು 1–0, ಅಕ್ಟೋಬರ್ 11ರಂದು ಮಕಾವ್ ತಂಡವನ್ನು 4–1 ಸೋಲಿಸಿ, ಎರಡು ಪಂದ್ಯ ಬಾಕಿ ಇರುವಾಗಲೇ 2019ರ ಏಷ್ಯನ್ ಕಪ್‌ಗೆ ಅರ್ಹತೆ ಗಿಟ್ಟಿಸಿದೆವು. ಆಗ ನಾನು ವಿಜಯವಾಡಕ್ಕೆ ಬಂದು ಒಂದು ವರ್ಷ. ಬೆಂಜ್ ಸರ್ಕಲ್ ಹತ್ತಿರದ ಬಾಡಿಗೆ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡಿದೆ. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದ್ದರೆ ಆಗುತ್ತಿತ್ತು ಎಂದು ಕೈ ಹಿಸುಕಿಕೊಂಡೆ.

ಆ ಪಂದ್ಯವಾದ ಮೇಲೆ ಈವರೆಗೆ, ಎಂಟು ವರ್ಷದಲ್ಲಿ, ಪುರುಷರ ಹಿರಿಯರ ತಂಡದ ಒಂದೇ ಒಂದು ಅರ್ಹತಾ ಪಂದ್ಯವೂ ಬೆಂಗಳೂರಿಗೆ ಬಂದಿಲ್ಲ. ಗುವಾಹಟಿ, ಕೋಲ್ಕತ್ತ, ಭುವನೇಶ್ವರ, ಶಿಲ್ಲಾಂಗ್, ಗೋವಾ ಸುತ್ತಿಬಂದಿವೆ. ತಮಾಷೆ ನೋಡಿ: ಈ ಬಾರಿ ಖಾಲಿದ್ ಜಮೀಲ್ ತಂಡದ ಶಿಬಿರಗಳು ನಡೆದದ್ದು ಬೆಂಗಳೂರಿನಲ್ಲಿ. ತಾಲೀಮು ಇಲ್ಲಿ, ಪಂದ್ಯ ಬೇರೆಡೆ. 2023ರ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿದ ರಾತ್ರಿ ಕಂಠೀರವ ಹೇಗಿತ್ತು ಎಂಬುದನ್ನು ನೋಡಿದವರು ಹೇಳಲಿ. ಆ ಕ್ರೀಡಾಂಗಣ ಅಥ್ಲೀಟುಗಳದ್ದು, ಫುಟ್‌ಬಾಲ್‌ನಿಂದ ಅವರಿಗೆ ತೊಂದರೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ನ್ಯಾಯವೂ ಇದೆ. ಆದರೆ ವರ್ಷಕ್ಕೆ ಎರಡು ಮೂರು ಪಂದ್ಯಕ್ಕೆ ದಾರಿ ಮಾಡಿಕೊಡಲಾಗದಷ್ಟು ಇಕ್ಕಟ್ಟು ಅದಲ್ಲ. ಎದುರಾಳಿ ಹೆದರುವ ಒಂದು ಮನೆ ಎಲ್ಲ ತಂಡಕ್ಕೂ ಬೇಕು. ವರ್ಗಾವಣೆಯ ಕೆಲಸದಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಸಾಮಾನು ಕಟ್ಟುವವನಿಗೆ ಯಾವ ಕಿಟಕಿಯಿಂದ ಗಾಳಿ ಬರುತ್ತದೆ ಎಂಬುದು ತಿಳಿಯುವಷ್ಟರಲ್ಲಿ ಮನೆ ಬಿಡುವ ಹೊತ್ತಾಗಿರುತ್ತದೆ.

ಇನ್ನು ನಾನಿರುವ ಈ ಸೀಮೆಯ ಕಥೆ. ಒಂದು ಕಾಲಕ್ಕೆ ಭಾರತದ ಫುಟ್‌ಬಾಲ್ ಎಂದರೆ ಹೈದರಾಬಾದ್ ಮತ್ತು ಬೆಂಗಳೂರಿನ ಹೆಸರು ಕೇಳದೆ ಮುಗಿಯುತ್ತಿರಲಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಚಿನ್ನ, ಎರಡಕ್ಕೂ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅದಕ್ಕೂ ಮೊದಲು 1948ರ ಲಂಡನ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. 2014ರಲ್ಲಿ ರಾಜ್ಯ ಒಡೆದಾಗ ಆ ಹೈದರಾಬಾದ್ ಪರಂಪರೆ ತೆಲಂಗಾಣದ ಪಾಲಿಗೆ ಹೋಯಿತು. ಆಂಧ್ರಕ್ಕೆ ಉಳಿದದ್ದು ಕಡಲು, ಕೃಷ್ಣಾ, ಕ್ರಿಕೆಟ್. ಕಳೆದ ವರ್ಷ ನವೆಂಬರ್ 18ರಂದು, ಢಾಕಾ ಸೋಲಿಗೆ ಸರಿಯಾಗಿ ಒಂದು ವರ್ಷ ಮೊದಲು, ಗಚ್ಚಿಬೌಲಿಯಲ್ಲಿ ಭಾರತ–ಮಲೇಷ್ಯಾ ಸೌಹಾರ್ದ ಪಂದ್ಯವಿತ್ತು. ಮಗನನ್ನು ಕರೆದುಕೊಂಡು ಗೋದಾವರಿ ಎಕ್ಸ್‌ಪ್ರೆಸ್ ಹತ್ತಿದೆ. ರಾತ್ರಿಯಿಡೀ ಪ್ರಯಾಣ. ಬೆಂಗಳೂರು ಎಫ್‌ಸಿಯ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿಗೆ ಇಬ್ಬರೂ ಕುಣಿದೆವು. ನಮ್ಮ ತಂಡವನ್ನು ನೋಡಲು ನಾವು ಹೋಗಬಹುದಾದ ಊರುಗಳಲ್ಲಿ ಅದೂ ಒಂದು. ಈಗ ಅದೂ ಇಲ್ಲದಂತಾಗಿದೆ. 2022ರಲ್ಲಿ ಐಎಸ್‌ಎಲ್ ಗೆದ್ದ ಹೈದರಾಬಾದ್ ಎಫ್‌ಸಿ ಈ ಅಕ್ಟೋಬರ್‌ನಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಲೀಗ್ ಇನ್ನೂ ಶುರುವಾಗಿರಲಿಲ್ಲ. ಅದನ್ನು ನಡೆಸುವವರು ಬೇಕೆಂದು ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. ಲೀಗೇ ಶುರುವಾಗದ ದೇಶದ ತಂಡಕ್ಕೆ ಗೋಲು ಬರುತ್ತಿಲ್ಲವಲ್ಲ ಎಂದು ನಾವು ಆಗ ಕೇಳುತ್ತಿದ್ದೆವು.

ಈಗ ನನ್ನ ಮನೆಯ ವಿಷಯ. ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳುತ್ತಿದ್ದೇನೆ.

ನನ್ನ ಮಗ ಲೆಫ್ಟ್ ಬ್ಯಾಕ್ ಆಡುತ್ತಾನೆ. ಎಡಗಾಲು ಚೆನ್ನಾಗಿದೆ. ವಿಜಯವಾಡದಲ್ಲಿದ್ದಾಗ ಗಲ್ಲಿಯಲ್ಲಿ ಶುರು ಮಾಡಿದವನು, ಇಲ್ಲಿಗೆ ಬಂದ ಮೇಲೆ ಶಾಲೆಯ ತಂಡಕ್ಕೆ ಸೇರಿದ. ಭಾನುವಾರ ಬೆಳಿಗ್ಗೆ ಆರಕ್ಕೆ ವಾಲ್ಟೇರ್ ಕಡೆಯ ಮೈದಾನದಲ್ಲಿ ಅವನಿಗೆ ಅಭ್ಯಾಸ, ನನಗೆ ಕಟ್ಟೆಯ ಮೇಲೆ ಕೂತು ಇಡ್ಲಿ. ಈ ವರ್ಷ ಅವನ ವಯಸ್ಸಿನವರ ಆಯ್ಕೆ ನಡೆಯಿತು. ಎರಡು ಹಂತ ದಾಟಿದ. ಮೂರನೆಯದರಲ್ಲಿ ದಾಖಲೆಪತ್ರ ನೋಡುವಾಗ ಮೇಜಿನ ಹಿಂದಿದ್ದವರು ಜನನ ಪ್ರಮಾಣಪತ್ರ ಕೈಗೆತ್ತಿಕೊಂಡು, 'ಮೀ ಸೊಂತ ಊರು ಎಕ್ಕಡಂಡಿ?' ಎಂದು ಕೇಳಿದರು. ಅದರಲ್ಲಿ ಶಿವಮೊಗ್ಗ ಎಂದಿತ್ತು. ಇರಲೇಬೇಕಲ್ಲ! ಚೊಚ್ಚಲ ಹೆರಿಗೆಗೆ ನನ್ನ ಹೆಂಡತಿ ತವರಿಗೆ ಹೋಗಿದ್ದಳು. ನಮ್ಮ ಕಡೆ ಯಾರ ಮನೆಯಲ್ಲಿ ಹಾಗಲ್ಲ? ಐದನೇ ತಿಂಗಳಿಗೆ ಮಗು ಬೆಂಗಳೂರಿಗೆ ಬಂತು, ನಾಲ್ಕನೇ ವರ್ಷಕ್ಕೆ ಆಂಧ್ರಕ್ಕೆ. ಶಿವಮೊಗ್ಗದಲ್ಲಿ ಅವನು ಒಟ್ಟು ಕಳೆದದ್ದು ಆ ಐದು ತಿಂಗಳು ಮತ್ತು ಬೇಸಿಗೆ ರಜೆಗಳು. ಒಂಬತ್ತು ವರ್ಷದ ಶಾಲಾ ದಾಖಲೆ ತೋರಿಸಿದೆ. ಅವನು ತೆಲುಗನ್ನು ನನಗಿಂತ ಚೆನ್ನಾಗಿ ಮಾತಾಡುತ್ತಾನೆ, ಗೋಂಗೂರ ಚಟ್ನಿ ಇಲ್ಲದೆ ಅನ್ನ ಉಣ್ಣುವುದಿಲ್ಲ ಎಂದೂ ಹೇಳಿದೆ. ಮೇಜಿನ ಆ ಕಡೆಯವರು ನಕ್ಕರು. ಕೆಟ್ಟವರೇನಲ್ಲ. 'ಮನವಾಡೇ ಸಾರ್, ಕಾನೀ ರೂಲು' ಎಂದರು. ನಮ್ಮ ಹುಡುಗನೇ, ಆದರೆ ನಿಯಮ. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಊರಿನ ಕಡೆ ವಿಚಾರಿಸಿದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ: 'ಹುಡುಗ ಓದ್ತಿರೋದು ಎಲ್ಲಿ?' ಆಂಧ್ರದಲ್ಲಿ ಎಂದೆ. ಹಾಗಾದರೆ ಅಲ್ಲೇ ಆಡಿಸಿ ಎಂದರು.

ಈ ಅಂಕಣ ಓದುವವರಲ್ಲಿ ಪುಣೆ, ಚೆನ್ನೈ, ಗುರುಗ್ರಾಮಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು ಬಹಳ ಮಂದಿ. ಎಂಜಿನಿಯರಿಂಗ್ ಸೀಟಿನ ವಿಷಯದಲ್ಲಿ ಈ ಎರಡೂ ಬಾಗಿಲುಗಳ ನಡುವೆ ನಿಂತ ಅನುಭವ ನಿಮಗೆ ಇರಬಹುದು. ಆಟದಲ್ಲೂ ಇದೆ ಎಂಬುದು ನನಗೆ ತಿಳಿದದ್ದು ಈ ವರ್ಷ.

ನಿಯಮ ಏಕಿದೆ ಎಂಬುದು ನನಗೆ ಗೊತ್ತು. ಬೇರೆ ಕಡೆಯಿಂದ ಹುಡುಗರನ್ನು ಕರೆತಂದು ಪದಕ ಗೆಲ್ಲಿಸುವ ಚಾಳಿ ಇದೆ. ವಯಸ್ಸು ಮುಚ್ಚಿಡುವುದಂತೂ ನಮ್ಮ ಕಿರಿಯರ ಕ್ರೀಡೆಗೆ ಹಿಡಿದ ಗೆದ್ದಲು. ಜನನ ಪ್ರಮಾಣಪತ್ರ ಕೇಳಲಿ, ಹತ್ತು ಸಲ ಕೇಳಲಿ. ಅದರಿಂದ ಹುಡುಗನ ವಯಸ್ಸು ತಿಳಿದುಕೊಳ್ಳಲಿ. ಅವನು ಯಾರ ಹುಡುಗ ಎಂಬುದನ್ನು ಶಾಲೆಯ ಹಾಜರಿ ಪುಸ್ತಕ ಹೇಳುತ್ತದೆ.

ಫಿಫಾ ಎಂಬ ಜಗತ್ತಿನ ದೊಡ್ಡಣ್ಣನ ನಿಯಮವೇ ಇಷ್ಟು ಕಟ್ಟುನಿಟ್ಟಲ್ಲ. ಹೊಸ ದೇಶದ ಪೌರತ್ವ ಪಡೆದವನು ಆ ದೇಶಕ್ಕೆ ಆಡಬೇಕಾದರೆ ಅಲ್ಲಿ ಎಷ್ಟು ವರ್ಷ ಬದುಕಿರಬೇಕು ಎಂಬುದಕ್ಕೆ ಲೆಕ್ಕವಿದೆ: ಹತ್ತು ವರ್ಷ ತುಂಬುವ ಮೊದಲೇ ಬಂದು ನೆಲೆಸಿದ್ದರೆ ಮೂರು ವರ್ಷ, ಆಮೇಲೆ ಬಂದಿದ್ದರೆ ಐದು. ಹುಟ್ಟಿದ ನೆಲ, ಅಪ್ಪ-ಅಮ್ಮ, ಅಜ್ಜ-ಅಜ್ಜಿ ಬೇರೆ ದಾರಿಗಳು. ದೇಶದಿಂದ ದೇಶಕ್ಕೆ ಮೂರು ವರ್ಷ ಸಾಕಾದರೆ, ತುಂಗಭದ್ರೆ ಹರಿದು ಸೇರುವ ಕೃಷ್ಣೆಯ ದಡಕ್ಕೆ ಬಂದು ಒಂಬತ್ತು ವರ್ಷವಾದ ಹುಡುಗನಿಗೆ ಏನು ಕಡಿಮೆ?

ಈ ಪ್ರಶ್ನೆ ಈಗ ಇಡೀ ಭಾರತ ತಂಡದ್ದೂ ಆಗಿದೆ. ಹೊರದೇಶದ ಭಾರತೀಯ ಮೂಲದವರನ್ನು ಆಡಿಸಬೇಕೇ ಎಂಬ ಚರ್ಚೆ ಜೋರಾಗಿದೆ. ಬಾಂಗ್ಲಾದೇಶಕ್ಕೆ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹಮ್ಜಾ ಚೌಧರಿ ಸಿಕ್ಕಿದ್ದಾರೆ, ಆ ದೇಶ ಎರಡು ಪೌರತ್ವ ಒಪ್ಪುತ್ತದೆ. ನಮ್ಮಲ್ಲಿ ಒಪ್ಪುವುದಿಲ್ಲ. ಪರ್ತ್‌ನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ತಾಯಿಯ ಕಡೆಯಿಂದ ಮುಂಬೈ ಬೇರಿನವರು, ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಈ ತಿಂಗಳು ಭಾರತದ ಪಾಸ್‌ಪೋರ್ಟ್ ಪಡೆದರು. ಢಾಕಾದಲ್ಲಿ ಆಡಲಾಗಲಿಲ್ಲ, ಆಸ್ಟ್ರೇಲಿಯಾ ಫುಟ್‌ಬಾಲ್ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಸಮಯಕ್ಕೆ ಬಂದಿರಲಿಲ್ಲ. ಮೂವತ್ತೆರಡರ ಆ ಮನುಷ್ಯ ಕೈಲಿದ್ದುದನ್ನು ಬಿಟ್ಟು ಬಂದಿದ್ದಕ್ಕೆ ನನಗೆ ಗೌರವವಿದೆ. ಇಂಥವರು ಬರಲಿ. ಆದರೆ ಇದನ್ನೇ ಮದ್ದು ಎಂದುಕೊಂಡವರು ಮಲೇಷ್ಯಾವನ್ನು ನೋಡಬೇಕು. ಅಜ್ಜ-ಅಜ್ಜಿಯರ ಹುಟ್ಟೂರಿನ ಸುಳ್ಳು ದಾಖಲೆಯ ಮೇಲೆ ಏಳು ಆಟಗಾರರನ್ನು ಆಡಿಸಿದ್ದಕ್ಕೆ ಈ ಸೆಪ್ಟೆಂಬರ್‌ನಲ್ಲಿ ಫಿಫಾ ದಂಡ ಹಾಕಿತು. ಅವರು ಜೂನ್‌ನಲ್ಲಿ ವಿಯೆಟ್ನಾಂ ತಂಡವನ್ನು 4–0 ಸೋಲಿಸಿದ್ದು ಇದೇ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ. ಇನ್ನು ಢಾಕಾದಲ್ಲಿ ಹಮ್ಜಾ ಮಧ್ಯದಲ್ಲಿ ಗೋಡೆಯಂತೆ ನಿಂತದ್ದು ನಿಜ. ಆದರೆ ಗೋಲು ಹೊಡೆದ ಮೊರ್ಸಲಿನ್ ಬಾಂಗ್ಲಾದೇಶದ ದೇಶೀ ಲೀಗಿನಲ್ಲೇ ಆಡುವ ಹುಡುಗ.

ಒಳಗಿನ ವಲಸೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ನಾವು ಹೊರಗಿನವರನ್ನು ಹುಡುಕುತ್ತಿದ್ದೇವೆ. ಇದು ನನ್ನ ಎರಡನೇ ತಕರಾರು, ದೊಡ್ಡದು. ಸುನಿಲ್ ಚೆಟ್ರಿ ಹುಟ್ಟಿದ್ದು ಎಲ್ಲಿ ಗೊತ್ತೇ? ಸಿಕಂದರಾಬಾದ್‌ನಲ್ಲಿ, 1984ರಲ್ಲಿ. ಆಗ ಅದು ಆಂಧ್ರಪ್ರದೇಶ. ಅಪ್ಪ ಸೇನೆಯಲ್ಲಿದ್ದರು, ವರ್ಗವಾದಲ್ಲೆಲ್ಲ ಹುಡುಗನೂ ಬೆಳೆದ. ಸಂತೋಷ್ ಟ್ರೋಫಿ ಆಡಿದ್ದು ದೆಹಲಿಗೆ, ದೊಡ್ಡ ಕ್ಲಬ್ ಸಿಕ್ಕಿದ್ದು ಕೋಲ್ಕತ್ತದಲ್ಲಿ, 2013ರಿಂದ ಬೆಂಗಳೂರು. ಈಗ ಬೆಂಗಳೂರಿಗರು ಅವರನ್ನು ನಮ್ಮವರೆಂದೇ ಕರೆಯುತ್ತಾರೆ. ದೆಹಲಿಯಲ್ಲಿ ಯಾರಾದರೂ ಮೇಜಿನ ಹಿಂದೆ ಕೂತು 'ಸಿಕಂದರಾಬಾದಿನವನು, ಅಲ್ಲೇ ಆಡು' ಎಂದಿದ್ದರೆ? ರೈಲ್ವೆ, ಸೇನೆ, ಬ್ಯಾಂಕು, ಈಗ ಐಟಿ, ಔಷಧ, ನನ್ನಂಥ ಶೀತಲಗೃಹದವರು. ಮನೆಮಂದಿಯನ್ನು ಕಟ್ಟಿಕೊಂಡು ಊರೂರು ತಿರುಗುವ ಕುಟುಂಬಗಳ ಮಕ್ಕಳು ಎಷ್ಟು ಲಕ್ಷವೋ. ಕಟ್ಟಡ ಕೆಲಸಕ್ಕೆಂದು ಬಂದ ರಾಯಚೂರು, ಯಾದಗಿರಿ ಕಡೆಯವರ ಮಕ್ಕಳಿಗಂತೂ ತೋರಿಸಲು ಯಾವ ಊರಿನ ಕಾಗದವೂ ಇರುವುದಿಲ್ಲ. ನನ್ನ ಮಗನಿಗೆ ದನಿ ಎತ್ತಲು ಅಪ್ಪನಿದ್ದಾನೆ, ಪತ್ರಿಕೆಯಲ್ಲಿ ಈ ಜಾಗವಿದೆ.

ನಾನು ಕೇಳುವುದು ಇಷ್ಟೇ. ಕಿರಿಯರ ಆಯ್ಕೆಯಲ್ಲಿ ಮೂರು ವರ್ಷ ಸತತ ಓದಿದ ದಾಖಲೆ ಇದ್ದರೆ ಆ ರಾಜ್ಯದ ಹುಡುಗ ಎಂದು ಎಲ್ಲ ಕಡೆಯೂ ಒಪ್ಪುವ ಒಂದೇ ನಿಯಮ ಮಾಡಿ, ಅದನ್ನು ಆಯ್ಕೆಗೆ ಮೊದಲೇ ಬರೆದು ಅಂಟಿಸಿ. ಎರಡು ಹಂತ ಆಡಿಸಿ ಮೂರನೆಯದರಲ್ಲಿ ಹೇಳಬೇಡಿ. ಮತ್ತು ಮುಂದಿನ ಅರ್ಹತಾ ಸುತ್ತು ಬಂದಾಗ ಒಂದು ಪಂದ್ಯವನ್ನಾದರೂ ಕಂಠೀರವಕ್ಕೆ ಕೊಡಿ. ನಾವು ರಾತ್ರಿ ರೈಲಿನಲ್ಲಿ ಬರುತ್ತೇವೆ.

ಪಟ್ಟಿ ಬಂದ ವಾರ ಮಗ ಮೈದಾನಕ್ಕೆ ಹೋಗಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಎರಡನೇ ಭಾನುವಾರ ಬೆಳಿಗ್ಗೆ ಐದೂವರೆಗೆ ಕೆಳಗಿನಿಂದ ಅವನ ಗೆಳೆಯರು ಕೂಗಿದರು: 'ಒರೇ, ಲೆಫ್ಟ್ ಬ್ಯಾಕ್ ಲೇಡು ರಾ, ರಾ!' ಆಯ್ಕೆಯಾದ ಹುಡುಗನೂ ಅವರಲ್ಲಿದ್ದ. ಇವನು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದ. ನಾನು ಫ್ಲಾಸ್ಕಿಗೆ ಕಾಫಿ ಸುರಿದುಕೊಂಡು ಹಿಂದೆ ಹೋದೆ.